ಮಕ್ಕಳ ಊಟದ ಡಬ್ಬಿ: ಮಧ್ಯಾಹ್ನಕ್ಕೂ ರುಚಿಯಾಗಿರುವಂತೆ ಕಟ್ಟುವುದು ಹೇಗೆ?

ಬೆಳಗ್ಗೆ ಏಳೂವರೆಗೆ ಬಾಣಲೆಯಿಂದ ಇಳಿಸಿದ ಉಪ್ಪಿಟ್ಟು ಹಬೆಯಾಡುತ್ತಾ ಉದುರುದುರಾಗಿ ಇರುತ್ತದೆ. ಒಂದು ತುತ್ತು ಬಾಯಿಗೆ ಹಾಕಿಕೊಂಡು, ಉಪ್ಪು ಖಾರ ಸರಿ ಇದೆ ಅಂತ ಡಬ್ಬಿಗೆ ತುಂಬುತ್ತೇವೆ. ಮಗು ಅದನ್ನು ತೆರೆಯುವುದು ಹನ್ನೆರಡೂವರೆಗೆ. ಅಷ್ಟರಲ್ಲಿ ಐದು ಗಂಟೆ ಕಳೆದಿರುತ್ತದೆ. ಉಪ್ಪಿಟ್ಟು ಗಟ್ಟಿ ಉಂಡೆಯಾಗಿರುತ್ತದೆ. ಮುಚ್ಚಳದ ಒಳಗೆ ಕಟ್ಟಿದ ಹಬೆ ನೀರಾಗಿ ತೊಟ್ಟಿಕ್ಕಿ, ಮೇಲಿನ ಪದರ ಒದ್ದೆಯಾಗಿರುತ್ತದೆ. ಊಟಕ್ಕೆ ಸಿಗುವುದು ಇಪ್ಪತ್ತೋ ಮೂವತ್ತೋ ನಿಮಿಷ. ಅದರಲ್ಲೇ ಕೈ ತೊಳೆಯಬೇಕು, ಪಕ್ಕದವರ ಹತ್ತಿರ ಮಾತಾಡಬೇಕು, ಆಟಕ್ಕೆ ಓಡಬೇಕು. ಅರ್ಧ ಡಬ್ಬಿ ಹಾಗೇ ವಾಪಸ್ ಬರುತ್ತದೆ. "ನಮ್ಮ ಮಗು ಸರಿಯಾಗಿ ತಿನ್ನಲ್ಲ" ಅಂತ ನಾವು ಕೊರಗುತ್ತೇವೆ.

ಮನೆಯಲ್ಲಿ ಅದೇ ತಿಂಡಿಯನ್ನು ಇಷ್ಟಪಟ್ಟು ತಿನ್ನುವ ಮಗು ಶಾಲೆಯಲ್ಲಿ ಬಿಡುತ್ತಿದ್ದರೆ, ಯೋಚಿಸಬೇಕಾದದ್ದು ಆ ಐದು ಗಂಟೆಗಳ ಬಗ್ಗೆ. ಏನು ಮಾಡಲಿ ಅಂತ ಬೆಳಗ್ಗೆ ಹೊಳೆಯದೆ ನಿಂತಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಇದು ಮಧ್ಯಾಹ್ನಕ್ಕೆ ಹೇಗಿರುತ್ತದೆ?

ಮೊದಲು ನಿಮಗೊಂದು ಡಬ್ಬಿ ಕಟ್ಟಿಕೊಳ್ಳಿ

ಮಗುವಿಗೆ ಕಟ್ಟುವಾಗಲೇ ಅದೇ ತಿಂಡಿಯನ್ನು ಇನ್ನೊಂದು ಡಬ್ಬಿಗೆ ಹಾಕಿ, ಮುಚ್ಚಿ, ಅಡುಗೆಮನೆ ಕಟ್ಟೆಯ ಮೇಲೆ ಇಡಿ. ಆಫೀಸಿಗೆ ಹೋಗುವವರಾದರೆ ಜೊತೆಗೆ ಒಯ್ಯಿರಿ. ಹನ್ನೆರಡೂವರೆಗೆ ತೆರೆದು, ಬಿಸಿ ಮಾಡದೆ, ಮಗು ಬಳಸುವ ಪುಟ್ಟ ಚಮಚದಲ್ಲೇ ತಿನ್ನಿ. ಒಂದು ವಾರ ಹೀಗೆ ಮಾಡಿದರೆ ಯಾವುದು ಉಳಿಯುತ್ತದೆ, ಯಾವುದು ಕೆಡುತ್ತದೆ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ನನ್ನ ಅನುಭವದಲ್ಲಿ ಡಬ್ಬಿಗೆ ಪಡ್ಡುವಿನಷ್ಟು ಒಗ್ಗುವ ತಿಂಡಿ ಇನ್ನೊಂದಿಲ್ಲ. ನಿಮ್ಮ ಕಡೆ ಅದನ್ನು ಗುಂಡುಪೊಂಗಲು ಅನ್ನಬಹುದು, ಗುಳಿಯಪ್ಪ ಅನ್ನಬಹುದು. ತಣ್ಣಗಾದರೂ ಮೆತ್ತಗಿರುತ್ತದೆ, ಬೆರಳಲ್ಲೇ ಎತ್ತಿ ತಿನ್ನಬಹುದು, ಒಳಗೆ ಕ್ಯಾರೆಟ್ಟು, ಸಬ್ಬಸಿಗೆ ಸೊಪ್ಪು ಏನು ಹಾಕಿದರೂ ಹಿಡಿಸುತ್ತದೆ. ಚಿತ್ರಾನ್ನ, ಪುಳಿಯೋಗರೆ, ಶ್ಯಾವಿಗೆ ಬಾತ್, ರವೆ ಇಡ್ಲಿ, ಮೆಂತ್ಯ ಸೊಪ್ಪಿನ ಚಪಾತಿ ಕೂಡ ಧೈರ್ಯವಾಗಿ ಕಳಿಸುವಂಥವು. ದೋಸೆ ತೆಳ್ಳಗೆ ಗರಿಗರಿಯಾಗಿ ಹೊಯ್ದರೆ ಮಧ್ಯಾಹ್ನಕ್ಕೆ ತೊಗಲಿನ ಹಾಗೆ ಆಗುತ್ತದೆ. ಅದೇ ಹಿಟ್ಟಲ್ಲಿ ಅಂಗೈಯಗಲದ ದಪ್ಪ ದೋಸೆ ಹೊಯ್ದರೆ ಮೆತ್ತಗೇ ಉಳಿಯುತ್ತದೆ. ಅಕ್ಕಿರೊಟ್ಟಿ ತಣ್ಣಗಾದರೆ ಬಿರುಸು, ಅದು ಮನೆಯಲ್ಲೇ ಚೆಂದ. ಕರಾವಳಿಯವರು ನೀರುದೋಸೆ ಕಳಿಸುವುದಾದರೆ ಒಂದೊಂದನ್ನೂ ಆರಲು ಬಿಟ್ಟು ಬೇರೆಬೇರೆ ಮಡಚಿ ಇಡಬೇಕು, ಇಲ್ಲದಿದ್ದರೆ ಒಂದಕ್ಕೊಂದು ಅಂಟುತ್ತವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಮೆತ್ತನೆ ಜೋಳದ ರೊಟ್ಟಿಗೆ ಪಲ್ಯ ಹಚ್ಚಿ ಸುರುಳಿ ಸುತ್ತಿ ಕಳಿಸಬಹುದು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಅಂತೂ ಎಷ್ಟು ಹೊತ್ತಾದರೂ ಕೆಡುವುದಿಲ್ಲ.

ಉಪ್ಪಿಟ್ಟನ್ನೂ ಬಿಡಬೇಕಾಗಿಲ್ಲ. ಸಣ್ಣ ರವೆಯ ಬದಲು ಬನ್ಸಿ ರವೆ ಅಥವಾ ಗೋಧಿ ನುಚ್ಚು ತಗೊಳ್ಳಿ. ಕೊನೆಗೆ ನಿಂಬೆರಸ, ಒಂದು ಚಮಚ ತುಪ್ಪ ಹಾಕಿ. ಆಗ ಅಷ್ಟಾಗಿ ಕಟ್ಟಿಕೊಳ್ಳುವುದಿಲ್ಲ.

ಡಬ್ಬಿ ಆರಿಸುವಾಗ

ಸ್ಟೀಲ್ ಡಬ್ಬಿಯೇ ಒಳ್ಳೆಯದು. ಬಿಸಿ ಅಡುಗೆಯನ್ನು ಪ್ಲಾಸ್ಟಿಕ್‌ಗೆ ಹಾಕಬೇಡಿ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮಗುವಿನ ಕೈಗೆ ಕೊಟ್ಟು ತೆರೆಸಿ ನೋಡಿ. ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಬಿಗಿಯಾದ ಕ್ಲಿಪ್ ಎತ್ತಲು ಬೆರಳಲ್ಲಿ ಶಕ್ತಿ ಇರುವುದಿಲ್ಲ. ಮಿಸ್ ಹತ್ತಿರ ಹೋಗಿ ಕೇಳಲು ನಾಚಿಕೆ. ಡಬ್ಬಿ ತೆರೆಯಲಾಗದೆ ಊಟ ಬಿಡುವ ಮಕ್ಕಳಿದ್ದಾರೆ. ಹೊಸ ಡಬ್ಬಿ ತಂದ ಮೇಲೆ ಮನೆಯಲ್ಲೇ ಎರಡು ಮೂರು ದಿನ ಅದರಲ್ಲೇ ಊಟ ಕೊಡಿ. ತೆರೆಯುವುದು, ತಿನ್ನುವುದು, ಮತ್ತೆ ಮುಚ್ಚುವುದು ಎಲ್ಲ ರೂಢಿಯಾಗುತ್ತದೆ.

ಮುಚ್ಚಳದ ಒಳಗಿನ ರಬ್ಬರ್ ಅಥವಾ ಸಿಲಿಕೋನ್ ಉಂಗುರವನ್ನು ಪಿನ್ನಿನಿಂದ ಎಬ್ಬಿಸಿ ಒಮ್ಮೆ ಮೂಸಿ ನೋಡಿ. ಹಳೆಯ ಸಾಂಬಾರಿನ ಜಿಡ್ಡು ಅಲ್ಲೇ ಕೂತಿರುತ್ತದೆ. ಎಷ್ಟು ರುಚಿಯಾದ ತಿಂಡಿಗೂ ಆ ಕಮಟು ಹತ್ತಿಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಅದನ್ನು ತೆಗೆದು, ಬಿಸಿನೀರು ಸೋಪಲ್ಲಿ ತಿಕ್ಕಿ, ಪೂರ್ತಿ ಒಣಗಿಸಿ ಹಾಕಿ.

ಬಿಸಿ ಉಳಿಸುವ ಇನ್ಸುಲೇಟೆಡ್ ಡಬ್ಬಿ ಇದ್ದರೆ ಅದನ್ನು ಬಳಸಲು ಒಂದು ಕ್ರಮ ಇದೆ. ಮೊದಲು ಕುದಿಯುವ ನೀರು ತುಂಬಿ ಐದು ನಿಮಿಷ ಮುಚ್ಚಿಡಿ. ನೀರು ಚೆಲ್ಲಿ, ತಕ್ಷಣ ಹಬೆಯಾಡುವ ಅಡುಗೆಯನ್ನು ಬಾಯಿಯವರೆಗೆ ತುಂಬಿ ಮುಚ್ಚಿ. ಅರ್ಧ ತುಂಬಿದರೆ ಬೇಗ ಆರುತ್ತದೆ. ಬಿಸಿಬೇಳೆ ಬಾತು, ಪೊಂಗಲ್, ಅನ್ನ ಸಾಂಬಾರಿಗೆ ಇದೇ ಸರಿ.

ಎಷ್ಟು ಹಾಕಬೇಕು, ಏನಿರಬೇಕು

ನಮ್ಮ ಡಬ್ಬಿಗಳಲ್ಲಿ ಹೆಚ್ಚು ಕಡಿಮೆ ಇರುವುದೆಲ್ಲ ಅನ್ನ, ರವೆ, ಗೋಧಿ. ಹೊಟ್ಟೆ ತುಂಬುತ್ತದೆ, ಬೆಳೆಯುವ ಮೈಗೆ ಬೇಕಾದ ಪ್ರೋಟೀನ್ ಸಾಲುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಲೆಕ್ಕದ ಪ್ರಕಾರ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 23 ಗ್ರಾಂ ಪ್ರೋಟೀನ್ ಬೇಕು. 10 ದಾಟಿದರೆ ಅದು 32 ಗ್ರಾಂ ಹತ್ತಿರ ಹೋಗುತ್ತದೆ. ಮೂರನೇ ಒಂದು ಭಾಗ ಡಬ್ಬಿಯಿಂದ ಸಿಗಲಿ ಅಂದುಕೊಂಡರೆ ಚಿಕ್ಕವರಿಗೆ ಏಳೆಂಟು ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. 25 ಗ್ರಾಂ ಕಡಲೆಕಾಯಿ ಬೀಜದಲ್ಲೂ ಹೆಚ್ಚು ಕಡಿಮೆ ಅಷ್ಟೇ. ಒಂದು ಪುಟ್ಟ ಬಟ್ಟಲು ಬೇಯಿಸಿದ ಕಾಳಿನ ಉಸಲಿಯೂ ಅಷ್ಟು ಕೊಡುತ್ತದೆ. ಉಳಿದದ್ದು ಅನ್ನ, ಚಪಾತಿಯಿಂದಲೇ ಬಂದುಬಿಡುತ್ತದೆ.

ಹಾಗಾಗಿ ದಿನಾ ಡಬ್ಬಿ ಮುಚ್ಚುವ ಮುಂಚೆ ಒಮ್ಮೆ ನೋಡಿ: ಕಾಳು, ಬೇಳೆ, ಬೀಜ, ಮೊಟ್ಟೆ, ಮೊಸರು, ಇದರಲ್ಲಿ ಯಾವುದಾದರೂ ಒಂದು ಇದೆಯಾ? ಚಿತ್ರಾನ್ನ ಅಂದರೆ ನಾಲ್ಕು ಕಡಲೆಬೀಜ ಉದುರಿಸಿ ಮುಗಿಸಬೇಡಿ, ಕೈತುಂಬ ಹಾಕಿ. ಅವಲಕ್ಕಿಗೆ ಹೆಸರುಕಾಳು ಮೊಳಕೆ ಬೇಯಿಸಿ ಬೆರೆಸಿ. ಮೊಳಕೆಕಾಳನ್ನು ಹಸಿಯಾಗಿ ಕಳಿಸುವುದು ಬೇಡ, ಹಬೆಯಲ್ಲಿ ಬೇಯಿಸಿಯೇ ಹಾಕಿ. ಉಸಲಿಗೆ ನಿಂಬೆ ಹಿಂಡುವುದನ್ನು ಮರೆಯಬೇಡಿ. ನಿಂಬೆಯಲ್ಲಿರುವ ವಿಟಮಿನ್ ಸಿ ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ನೆರವಾಗುತ್ತದೆ.

ಸರ್ಕಾರಿ ಶಾಲೆಗಳಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾಯಿತು, ಕ್ಷೀರಭಾಗ್ಯದ ಹಾಲು 2013ರಲ್ಲಿ ಬಂತು. ಅಲ್ಲಿನ ಮಕ್ಕಳು ಬಿಸಿ ಅನ್ನ ಬೇಳೆ ಸಾಂಬಾರ್ ಉಣ್ಣುತ್ತಾರೆ, ಜೊತೆಗೆ ಮೊಟ್ಟೆಯೋ ಬಾಳೆಹಣ್ಣೋ ಸಿಗುತ್ತದೆ. ಡಬ್ಬಿ ಕಟ್ಟುವ ನಾವು ಅಷ್ಟಾದರೂ ಕೊಡಬೇಕಲ್ವಾ.

ವಾರಕ್ಕೆ ಎರಡು ಸಲ ರಾಗಿ ಸೇರಿಸಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ಮುದ್ದೆ ಡಬ್ಬಿಗೆ ಆಗುವುದಿಲ್ಲ, ನಿಜ. ದೋಸೆ ಹಿಟ್ಟಿಗೆ ಕಾಲು ಭಾಗ ರಾಗಿ ಹಿಟ್ಟು ಬೆರೆಸಿ ಪಡ್ಡು ಮಾಡಿ. ಬಣ್ಣ ಕಪ್ಪು ಅಂತ ಮಗು ಮುಖ ತಿರುಗಿಸಿದರೆ ಮೊದಮೊದಲು ಒಂದೆರಡು ಚಮಚದಿಂದ ಶುರು ಮಾಡಿ.

ಪ್ರಮಾಣದ ವಿಷಯದಲ್ಲಿ ನಾವು ದೊಡ್ಡವರು ಕೈ ಬಿಗಿ ಹಿಡಿಯುವುದಿಲ್ಲ, ಒತ್ತಿ ತುಂಬುತ್ತೇವೆ. ತುಂಬಿ ತುಳುಕುವ ಡಬ್ಬಿ ಕಂಡರೆ ಆರು ವರ್ಷದ ಮಗುವಿಗೆ ಹಸಿವೇ ಸತ್ತುಹೋಗುತ್ತದೆ. ಹದಿನೈದು ನಿಮಿಷದಲ್ಲಿ ಮುಗಿಸುವಷ್ಟೇ ಹಾಕಿ. ಖಾಲಿ ಡಬ್ಬಿ ತಂದ ದಿನ ಮಗುವಿಗೂ ಖುಷಿ ಇರುತ್ತದೆ. ಸಾಲಲಿಲ್ಲ ಅಂದರೆ ಮಾರನೇ ದಿನ ಇನ್ನೆರಡು ಚಮಚ ಸೇರಿಸಿದರಾಯಿತು.

ಹಿಂದಿನ ರಾತ್ರಿಯೇ ಮುಗಿಸುವ ಕೆಲಸ

ಕಾಳು ನೆನೆಹಾಕಿ. ತರಕಾರಿ ಹೆಚ್ಚಿ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡಿ. ಸೊಪ್ಪು ಬಿಡಿಸಿ ಒಣ ಬಟ್ಟೆಯಲ್ಲಿ ಸುತ್ತಿ. ಚಪಾತಿ ಹಿಟ್ಟು ಕಲಸಿಟ್ಟರೆ ಬೆಳಗ್ಗೆ ಅರ್ಧ ಗಂಟೆ ಉಳಿಯುತ್ತದೆ.

ಇಲ್ಲಿ ಅನ್ನದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ನಮ್ಮ ಮನೆಮನೆಯ ರೂಢಿ. ಬೆಳಗ್ಗೆ ಎದ್ದು ಬಿಸಿಬಿಸಿ ತಿನ್ನುವವರಿಗೆ ಅದು ಒಂದು ಮಾತು, ಡಬ್ಬಿಯಲ್ಲಿ ಇನ್ನೂ ಐದು ಗಂಟೆ ಕೂರುವ ಅನ್ನಕ್ಕೆ ಇನ್ನೊಂದು ಮಾತು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು, ಅವು ಬೇಯಿಸಿದರೂ ಸಾಯುವುದಿಲ್ಲ. ಅನ್ನ ರಾತ್ರಿಯಿಡೀ ಹೊರಗೆ ಪಾತ್ರೆಯಲ್ಲಿ ಇದ್ದರೆ ಅವು ಮೊಳೆತು, ಬೆಳೆದು, ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಗುವಿಗೆ ವಾಂತಿ, ಭೇದಿ ಆಗಬಹುದು. ಆದ್ದರಿಂದ ಡಬ್ಬಿಗೆ ಬೆಳಗಿನ ಅನ್ನವೇ ಇರಲಿ. ರಾತ್ರಿಯದ್ದೇ ಬಳಸಬೇಕು ಅಂದರೆ, ಊಟವಾದ ಕೂಡಲೇ ಅಗಲ ತಟ್ಟೆಯಲ್ಲಿ ಹರವಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಬೆಳಗ್ಗೆ ಹಬೆ ಬರುವ ಹಾಗೆ ಬಿಸಿ ಮಾಡಿ, ಹುಳಿ ಸ್ವಲ್ಪ ಮುಂದಾಗಿ ಹಾಕಿ. ಹುಣಸೆ, ನಿಂಬೆಯ ಹುಳಿ ಬ್ಯಾಕ್ಟೀರಿಯಾ ಬೇಗ ಬೆಳೆಯದಂತೆ ತಡೆಯುತ್ತದೆ. ನಮ್ಮ ಹಿರಿಯರು ಪ್ರಯಾಣಕ್ಕೆ ಪುಳಿಯೋಗರೆಯನ್ನೇ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ.

ಹಸಿ ತೆಂಗಿನಕಾಯಿ ಚಟ್ನಿ, ಪನೀರ್, ಕೆನೆ ಹಾಕಿದ ಗ್ರೇವಿ ಇವೆಲ್ಲ ಬೇಸಿಗೆಯಲ್ಲಿ ಬೇಡವೇ ಬೇಡ. ಮಾರ್ಚ್ ಬಂತು ಅಂದರೆ ಬಯಲುಸೀಮೆಯಲ್ಲಿ ಕಾಯಿಚಟ್ನಿ ಹತ್ತು ಗಂಟೆಗೇ ಹುಳಿ ವಾಸನೆ ಬರಬಹುದು. ಬದಲಿಗೆ ಚಟ್ನಿಪುಡಿ ಇದೆಯಲ್ಲ.

ಬೆಳಗ್ಗೆ, ಮುಚ್ಚಳ ಹಾಕುವ ಮುಂಚೆ

ಸಾಮಾನ್ಯ ಸ್ಟೀಲ್ ಡಬ್ಬಿಗೆ ಹಾಕುವ ಯಾವುದೇ ತಿಂಡಿಯನ್ನು ಮೊದಲು ತಟ್ಟೆಯಲ್ಲಿ ಹರವಿ ಹಬೆ ಹೋಗಲು ಬಿಡಿ. ಐದರಿಂದ ಹತ್ತು ನಿಮಿಷ, ಫ್ಯಾನ್ ಕೆಳಗಾದರೆ ಇನ್ನೂ ಬೇಗ. ಆ ಹೊತ್ತಲ್ಲಿ ಮಗುವಿಗೆ ಜಡೆ ಹಾಕಬಹುದು, ಶೂ ಹುಡುಕಬಹುದು. ಹಬೆ ಇರುವಾಗಲೇ ಮುಚ್ಚಿದರೆ ನೀರು ಇಳಿಯುತ್ತದೆ, ರುಚಿಯೂ ಕೆಡುತ್ತದೆ, ಬೇಗ ಹಳಸುತ್ತದೆ. ಒಂದೋ ಇನ್ಸುಲೇಟೆಡ್ ಡಬ್ಬಿಯಲ್ಲಿ ಸುಡುಸುಡು, ಇಲ್ಲವೋ ಸ್ಟೀಲ್ ಡಬ್ಬಿಯಲ್ಲಿ ಆರಿಸಿದ್ದು. ನಡುವಿನ ಉಗುರುಬೆಚ್ಚಗಿನ ಸ್ಥಿತಿ ಎರಡಕ್ಕೂ ಒಳ್ಳೆಯದಲ್ಲ.

ಚಪಾತಿ ಮೆತ್ತಗಿರಬೇಕು ಅಂದರೆ ಹಿಟ್ಟನ್ನು ಬೆಚ್ಚಗಿನ ನೀರಲ್ಲಿ ಸ್ವಲ್ಪ ಸಡಿಲವಾಗಿಯೇ ಕಲಸಿ, ಕನಿಷ್ಠ ಇಪ್ಪತ್ತು ನಿಮಿಷ ನೆನೆಯಲು ಬಿಡಿ. ಕಾವಲಿ ಚೆನ್ನಾಗಿ ಕಾದಿರಬೇಕು. ಸಣ್ಣ ಉರಿಯಲ್ಲಿ ತುಂಬ ಹೊತ್ತು ಬೇಯಿಸಿದರೆ ಒಣಗಿ ಹಪ್ಪಳವಾಗುತ್ತದೆ. ಎರಡೂ ಕಡೆ ತುಪ್ಪ ಸವರಿ, ಹತ್ತಿ ಬಟ್ಟೆಯಲ್ಲಿ ಮುಚ್ಚಿಡಿ. ಚಿಕ್ಕ ಮಕ್ಕಳಿಗೆ ಚಪಾತಿ ಬೇರೆ, ಪಲ್ಯ ಬೇರೆ ಕಳಿಸಿದರೆ ಹರಿದು, ಅದ್ದಿ, ತಿನ್ನುವಷ್ಟರಲ್ಲಿ ಬೆಲ್ಲು ಹೊಡೆದಿರುತ್ತದೆ. ಒಣ ಪಲ್ಯವನ್ನೋ ಆಮ್ಲೆಟ್ಟನ್ನೋ ಒಳಗಿಟ್ಟು ಸುರುಳಿ ಸುತ್ತಿ, ಎರಡು ತುಂಡು ಮಾಡಿ ನಿಲ್ಲಿಸಿ ಇಡಿ.

ಇಡ್ಲಿಗೆ ಚಟ್ನಿ ಬೇರೆ ಡಬ್ಬಿ ಬೇಕಾಗಿಲ್ಲ. ಪುಟ್ಟ ಇಡ್ಲಿಗಳು ಆರಿದ ಮೇಲೆ ಒಂದು ಪಾತ್ರೆಗೆ ಹಾಕಿ, ಎರಡು ಚಮಚ ತುಪ್ಪ ಅಥವಾ ಎಳ್ಳೆಣ್ಣೆ, ಒಂದು ಚಮಚ ಶೇಂಗಾ ಚಟ್ನಿಪುಡಿ ಹಾಕಿ ಕುಲುಕಿ. ಪ್ರತಿಯೊಂದಕ್ಕೂ ಪುಡಿ ಮೆತ್ತಿಕೊಳ್ಳುತ್ತದೆ. ಎಣ್ಣೆಯ ಪಸೆ ಇರುವುದರಿಂದ ಇಡ್ಲಿ ಮಧ್ಯಾಹ್ನಕ್ಕೆ ಒಣಗುವುದಿಲ್ಲ.

ಮೊಸರನ್ನ ಹುಳಿಯಾಗುತ್ತದೆ ಅಂತ ಎಷ್ಟೋ ಜನ ಕಳಿಸುವುದನ್ನೇ ಬಿಟ್ಟಿದ್ದಾರೆ. ಅದನ್ನು ಮಾಡುವ ಬಗೆ ಬೇರೆ. ಬೆಳಗಿನ ಬಿಸಿ ಅನ್ನವನ್ನು ಸೌಟಿನಲ್ಲಿ ಚೆನ್ನಾಗಿ ಮಸೆಯಿರಿ. ಕಾಯಿಸಿದ ಹಾಲು ಹಾಕಿ ತೆಳ್ಳಗೆ ಮಾಡಿ. ಎರಡೂ ಉಗುರುಬೆಚ್ಚಗಾದ ಮೇಲೆ ಒಂದೇ ಒಂದು ಚಮಚ ತಾಜಾ ಮೊಸರು, ಚಿಟಿಕೆ ಉಪ್ಪು ಸೇರಿಸಿ. ಸಾಸಿವೆ, ಶುಂಠಿ, ಕರಿಬೇವಿನ ಒಗ್ಗರಣೆ ಕೊಟ್ಟು ಮುಚ್ಚಿ. ಶಾಲೆಯಲ್ಲಿ ಪಾಠ ನಡೆಯುವಷ್ಟರಲ್ಲಿ ಡಬ್ಬಿಯೊಳಗೆ ಹಾಲು ಹೆಪ್ಪಾಗಿ, ಮಧ್ಯಾಹ್ನಕ್ಕೆ ಸಿಹಿಮೊಸರಿನ ಅನ್ನ ಸಿದ್ಧ. ನೋಡಲು ತೀರಾ ಬಿಳಿ ಅನ್ನಿಸಿದರೆ ಮೇಲೆ ದಾಳಿಂಬೆ ಕಾಳು, ತುರಿದ ಕ್ಯಾರೆಟ್ ಉದುರಿಸಿ. ಚಳಿಗಾಲದಲ್ಲಿ ಒಂದೂವರೆ ಚಮಚ ಮೊಸರು ಬೇಕಾಗಬಹುದು.

ನೋಡಲು ಚೆಂದ ಇರಲಿ

ಹೂವಿನಾಕಾರ, ಕರಡಿ ಮುಖ ಅಂತ ಬೆಳಗ್ಗೆ ಕತ್ತರಿಸುತ್ತಾ ಕೂರುವಷ್ಟು ಹೊತ್ತು ಯಾರಿಗೂ ಇಲ್ಲ, ಅಗತ್ಯವೂ ಇಲ್ಲ. ಬಿಳಿ ಅನ್ನದ ಪಕ್ಕ ಒಂದು ಕೆಂಪು, ಒಂದು ಹಸಿರು ಇದ್ದರೆ ಸಾಕು. ಬೀಟ್ರೂಟ್ ತುರಿದು ಚಪಾತಿ ಹಿಟ್ಟಿಗೆ ಸೇರಿಸಿದರೆ ಗುಲಾಬಿ ಚಪಾತಿ ಆಗುತ್ತದೆ. ಪುದಿನ ಕೊತ್ತಂಬರಿ ರುಬ್ಬಿ ಮಾಡಿದ ಹಸಿರು ಪಲಾವ್ ಮಕ್ಕಳ ಕಣ್ಣಿಗೆ ಬೀಳುತ್ತದೆ. ತರಕಾರಿಯನ್ನು ಯಾವಾಗಲೂ ಹೀಗೆ ಬಚ್ಚಿಟ್ಟೇ ಕೊಡಬೇಡಿ. ತಿನ್ನುವ ಒಂದೆರಡು ತರಕಾರಿಯಾದರೂ ಕಣ್ಣಿಗೆ ಕಾಣುವ ಹಾಗಿರಲಿ, ಪರಿಚಯವಾಗಬೇಕಲ್ಲ.

ವಾಸನೆಯ ಬಗ್ಗೆಯೂ ಎಚ್ಚರ ಬೇಕು. ಮೂಲಂಗಿ, ಎಲೆಕೋಸು, ಕತ್ತರಿಸಿದ ಬೇಯಿಸಿದ ಮೊಟ್ಟೆ ಮುಚ್ಚಿದ ಡಬ್ಬಿಯಲ್ಲಿ ಗಬ್ಬೆನ್ನುತ್ತವೆ. ಪಕ್ಕದವರು ಮೂಗು ಮುಚ್ಚಿಕೊಂಡರೆ ಮಗು ಆ ತಿಂಡಿಯನ್ನು ಮನೆಯಲ್ಲೂ ಮುಟ್ಟದೆ ಹೋಗಬಹುದು. ಇವನ್ನು ರಾತ್ರಿ ಊಟಕ್ಕೆ ಇಟ್ಟುಕೊಳ್ಳಿ.

ಚಿಕ್ಕ ಡಬ್ಬಿ

ಹತ್ತೂವರೆಯ ಬ್ರೇಕಿಗೆ ಬಿಸ್ಕತ್ತಿನ ಪೊಟ್ಟಣ ಹಾಕಿಬಿಡುವುದು ಸುಲಭ. ಅದರಲ್ಲಿರುವುದು ಮೈದಾ, ಸಕ್ಕರೆ, ತಾಳೆ ಎಣ್ಣೆ. ಶಾಲೆ ಕ್ಯಾಂಟೀನಿನಲ್ಲೂ ಗೇಟಿನಿಂದ 50 ಮೀಟರ್ ಒಳಗೂ ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸು ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದೆ. ಅದನ್ನೇ ನಾವು ಬ್ಯಾಗಿನೊಳಗೆ ಇಟ್ಟು ಕಳಿಸುವುದು ಸರಿಯಾ?

ಏಲಕ್ಕಿ ಬಾಳೆಹಣ್ಣು ಇದಕ್ಕೆ ಹೇಳಿ ಮಾಡಿಸಿದ್ದು, ಸಿಪ್ಪೆ ಸಮೇತ ಇಡಿ. ಸೀಬೆಹಣ್ಣು ಹೋಳು ಮಾಡಿ ಉಪ್ಪು ಸವರಿ. ಸೇಬು ಕಪ್ಪಾಗುತ್ತದೆ ಅಂದರೆ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಕದಡಿ, ಹೋಳುಗಳನ್ನು ಐದು ನಿಮಿಷ ಮುಳುಗಿಸಿ, ಒರೆಸಿ ಹಾಕಿ. ಕಿತ್ತಳೆ ಬಿಡಿಸಿಯೇ ಕೊಡಿ. ಐದು ವರ್ಷದೊಳಗಿನವರಿಗೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ, ಇಡೀ ಕಡಲೆಬೀಜ ಬೇಡ. ಎರಡೂ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ಸ್ವಲ್ಪ ದೊಡ್ಡವರಿಗೆ ಹುರಿಗಡಲೆ, ಬೆಲ್ಲ, ಕೊಬ್ಬರಿ ಚೂರು ಸೇರಿಸಿ ಕೊಡಿ. ಎಳ್ಳುಂಡೆ, ಕಡಲೆಬೀಜದ ಚಿಕ್ಕಿ, ತಂಬಿಟ್ಟು ಎಲ್ಲ ಇದಕ್ಕೇ ಆಗುತ್ತದೆ.

ತರಗತಿಯಲ್ಲಿ ಯಾರಿಗಾದರೂ ಕಡಲೆಬೀಜದ ಅಲರ್ಜಿ ಇದೆಯಾ ಅಂತ ಟೀಚರ್ ಹತ್ತಿರ ಕೇಳಿಕೊಳ್ಳಿ, ಮಕ್ಕಳು ಹಂಚಿಕೊಂಡು ತಿನ್ನುತ್ತಾರೆ. ಅಮೆರಿಕ, ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಇದು ಗೊತ್ತು, ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಬೀಜಗಳಿಗೆ ಅವಕಾಶವೇ ಇಲ್ಲ. ಚಟ್ನಿಪುಡಿಯಲ್ಲಿ ಶೇಂಗಾ ಬದಲು ಹುರಿಗಡಲೆ ಹಾಕಿದರೆ ರುಚಿ ಚೆನ್ನಾಗಿಯೇ ಇರುತ್ತದೆ.

ವಾಪಸ್ ಬಂದ ಡಬ್ಬಿ

ಮಗು ಮನೆಗೆ ಬಂದ ಕೂಡಲೇ ಡಬ್ಬಿ ತೆರೆದು "ಯಾಕೆ ತಿಂದಿಲ್ಲ?" ಅಂತ ಬೈಯಬೇಡಿ. ಹಾಗೆ ಮಾಡಿದರೆ ಮುಂದಿನ ಸಲ ಉಳಿದದ್ದು ಶಾಲೆಯ ಕಸದ ಬುಟ್ಟಿಗೆ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಹಾಲು ಕುಡಿದು ಸುಧಾರಿಸಿಕೊಂಡ ಮೇಲೆ ಕೇಳಿ: ಗಟ್ಟಿಯಾಗಿತ್ತಾ? ಖಾರವಾಗಿತ್ತಾ? ಟೈಮ್ ಸಾಲಲಿಲ್ವಾ? ಯಾರಾದರೂ ಏನಾದರೂ ಅಂದರಾ? ಒಂದೊಂದು ಉತ್ತರಕ್ಕೂ ಒಂದೊಂದು ದಾರಿ ಇರುತ್ತದೆ. ಉಳಿದಿರುವುದು ಯಾವುದು ಅಂತಲೂ ಗಮನಿಸಿ. ಪಲ್ಯ ಖಾಲಿಯಾಗಿ ಚಪಾತಿ ಉಳಿದಿದ್ದರೆ ಚಪಾತಿ ಒಣಗಿದೆ ಅಂತ ಅರ್ಥ.

ಭಾನುವಾರ ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾರದ ಪಟ್ಟಿ ಬರೆಯಿರಿ. "ಏನು ಬೇಕು?" ಅಂತ ಕೇಳಿದರೆ ನೂಡಲ್ಸ್ ಅನ್ನುವ ಉತ್ತರವೇ ಬರುತ್ತದೆ. "ಮಂಗಳವಾರ ಪಡ್ಡು ಮಾಡಲಾ, ಇಡ್ಲಿ ಮಾಡಲಾ?" ಅಂತ ಕೇಳಿ. ತಾನೇ ಆರಿಸಿದ್ದನ್ನು ಮಕ್ಕಳು ಹೆಚ್ಚು ತಿನ್ನುತ್ತಾರೆ. ಹೊಸ ತಿಂಡಿಯನ್ನು ಮೊದಲ ಸಲ ಡಬ್ಬಿಗೆ ಹಾಕಬೇಡಿ. ಶನಿವಾರವೋ ಭಾನುವಾರವೋ ಮನೆಯಲ್ಲಿ ತಿನ್ನಿಸಿ, ಒಪ್ಪಿದ ಮೇಲೆ ಶಾಲೆಗೆ ಕಳಿಸಿ.

ಎದ್ದದ್ದು ತಡವಾದ ದಿನ

ಇಂಥ ದಿನ ಎಲ್ಲರ ಮನೆಯಲ್ಲೂ ಬರುತ್ತದೆ. ಗ್ಯಾಸ್ ಖಾಲಿಯಾಗಿರಬಹುದು, ಕರೆಂಟ್ ಹೋಗಿರಬಹುದು. ಇದಕ್ಕೆಂದೇ ಒಂದು ಬೇರೆ ಡಬ್ಬ ಮಾಡಿಟ್ಟುಕೊಳ್ಳಿ. ಅದರಲ್ಲಿ ತೆಳು ಅವಲಕ್ಕಿ, ಹುರಿಗಡಲೆ, ಹುರಿದ ಶೇಂಗಾ, ಚಟ್ನಿಪುಡಿ ಇರಲಿ. ತೆಳು ಅವಲಕ್ಕಿಗೆ ಚಟ್ನಿಪುಡಿ, ಒಂದು ಚಮಚ ಎಣ್ಣೆ, ಚೂರು ಬೆಲ್ಲ, ನಿಂಬೆರಸ ಹಾಕಿ ಕೈಯಲ್ಲೇ ಕಲಸಿ. ಮೇಲೆ ಕೈತುಂಬ ಶೇಂಗಾ, ಹುರಿಗಡಲೆ ಹಾಕಿ. ಒಲೆ ಹಚ್ಚುವ ಕೆಲಸವೇ ಇಲ್ಲ. ಚಿಕ್ಕ ಡಬ್ಬಿಗೆ ಎರಡು ಬಾಳೆಹಣ್ಣು ಇಟ್ಟು, ನೀರಿನ ಬಾಟಲಿ ತುಂಬಿ ಕೊಟ್ಟರೆ ವ್ಯಾನ್ ಬರುವಷ್ಟರಲ್ಲಿ ಮಗು ಗೇಟಿನ ಹತ್ತಿರ ಇರುತ್ತದೆ. ಚಮಚ ಹಾಕಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ.